ಮೂವತ್ತು ಮೈಲಿಗೆ ನಡುಗುವ ಗಾಲಿ

ರಂಜಾನಬಿ ಬಂದಾಗ ಅಮಸಿದ್ದಪ್ಪನವರು ಬದನೆಕಾಯಿ ತೂಗುತ್ತಿದ್ದರು. ಅಡುಗೆಗಲ್ಲ, ಜಗಳಕ್ಕೆ. ಬಾಗಲಕೋಟೆ, ಕೆರೂರ, ಹುನಗುಂದದ ಸಂತೆಗಳಲ್ಲಿ ತೂಕದ ಕಲ್ಲು ತಪಾಸಣೆ ಮಾಡುವ ನೌಕರಿಯಲ್ಲಿ ಕೂದಲು ಬಿಳಿ ಮಾಡಿಕೊಂಡ ಮನುಷ್ಯ ಅವರು. ಪೆನ್ಶನ್ ಬಂದರೂ ತಕ್ಕಡಿ ಬಿಟ್ಟಿರಲಿಲ್ಲ. ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳು ಅವರ ಓಣಿ ತಪ್ಪಿಸಿ ಹೋಗುತ್ತಿದ್ದರು. ಆದರೆ ಊರಲ್ಲಿ ಏನಾದರೂ ಕಳುವಾದರೆ, ಯಾರಾದರೂ ಸಂಶಯದ ರೀತಿಯಲ್ಲಿ ಸತ್ತರೆ, ಅದೇ ಜನ ಅದೇ ಓಣಿಗೆ ಓಡಿ ಬರುತ್ತಿದ್ದರು. ನಾನು ಇಳಕಲ್ಲಿನ ದವಾಖಾನೆಯ ಕಂಪೌಂಡರ್ ಹೊಳಬಸಪ್ಪ, ಅವರ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವುದನ್ನು ನಿತ್ಯದ ವ್ರತ ಮಾಡಿಕೊಂಡವನು.

"ಅಣ್ಣಾರ, ನನ್ನ ಗಂಡನ ಕೈ ಮುರೀತಾರ್ರಿ," ಎಂದಳು ರಂಜಾನಬಿ. ಮೆಟ್ಟಿಲು ಹತ್ತಲಿಲ್ಲ, ಕೂಡಲೂ ಇಲ್ಲ.

ಅವಳ ಗಂಡ ಇಮಾಮಸಾಬ ಸೀರೆ ವ್ಯಾಪಾರಿ ಲಕ್ಷ್ಮಪ್ಪ ಸಾಹುಕಾರರ ಮೋಟಾರು ನಡೆಸುವವನು. ಆ ಕಾಲಕ್ಕೆ ಇಳಕಲ್ಲಿಗೆಲ್ಲ ಅದೊಂದೇ ಮೋಟಾರು. ಸೋಮವಾರ ಸಾಹುಕಾರರ ಮನೆಮಂದಿಯೆಲ್ಲ ಮಠಕ್ಕೆ ಹೋಗಿ ಬರುವಷ್ಟರಲ್ಲಿ ದೇವರ ಕೋಣೆಯ ಪೆಟ್ಟಿಗೆಯಿಂದ ಬಂಗಾರದ ಡಾಬು ಮಾಯವಾಗಿತ್ತು. ಸಾಹುಕಾರರ ತಾಯಿ ಸೊಂಟಕ್ಕೆ ಕಟ್ಟಿದ್ದ ಹಳೆಯ ಕಾಲದ ದಪ್ಪ ಡಾಬು ಅದು. ಮಗಳು ರತ್ನವ್ವನನ್ನು ಬಾದಾಮಿಗೆ ಕೊಡುವುದಾಗಿ ಮಾತಾಗಿತ್ತು, ಡಾಬು ಅವಳ ಸೊಂಟಕ್ಕೆ ಬರಬೇಕಿತ್ತು. ಕಳುವು ಗೊತ್ತಾದ ಕೂಡಲೇ ಹೆಬ್ಬಾಗಿಲು ಹಾಕಿ ಮನೆ, ಹಿತ್ತಿಲು, ಆಳುಗಳ ಗಂಟು, ಎಲ್ಲ ಜಾಲಾಡಿದರು. ಸಿಕ್ಕಿರಲಿಲ್ಲ.

"ಇಮಾಮಸಾಬನ್ನ ಯಾಕ ಹಿಡದ್ರು?"

"ಗಾಲಿ ನಡಗತೈತಿ ಅಂದದ್ದಕ್ರಿ."

ಅಮಸಿದ್ದಪ್ಪನವರು ಬದನೆಕಾಯಿ ಕೆಳಗಿಟ್ಟರು.

"ಮಂಗಳವಾರ ಧಣ್ಯಾರನ್ನ ಹುನಗುಂದಕ್ಕ ಕರಕೊಂಡು ಹೊಂಟಿದ್ರು. ದಾರ್ಯಾಗ ಸ್ಟೇರಿಂಗ್ ಗಡಗಡ ನಡಗಾಕ ಹತ್ತಿತಂತ. ಗಾಡಿ ಬಾಗಲಕೋಟಿಗೆ ಒಯ್ದು ಗಾಲಿ ತೋರಸ್ಬೇಕ್ರಿ ಅಂದ್ರು. ಧಣ್ಯಾರು ಗಾಡಿ ತಿರುಗಿಸು ಅಂದು ಬಜಾರದಾಗ ಇಳದು, 'ಮಾಲ ಕದ್ದು ಬಾಗಲಕೋಟಿಗೆ ಸಾಗಸಾಕ ನೆವ ಹುಡಕ್ತೀ ಕಳ್ಳಾ' ಅಂತ ಊರಿಗೆಲ್ಲ ಕೇಳೂಹಂಗ ಒದರಿದ್ರು. ಇವತ್ತ ಹೊತ್ತು ಮುಳಗೂದ್ರಾಗ ಡಾಬು ಎಲ್ಲೈತಿ ಹೇಳದಿದ್ದರ ಬಲಗೈ ಮುರೀತೇನಿ ಅಂತ ಜಮಾದಾರ ಹೇಳ್ಯಾನ. ಸ್ಟೇರಿಂಗ್ ಹಿಡಿಯೂ ಕೈರಿ ಅದು. ಅದು ಹೋದರ ನಾವು ಮಣ್ಣು ತಿನ್ನಬೇಕೇನ್ರಿ?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಕಳುವಾದಾಗ ಅವ ಎಲ್ಲಿದ್ದ?"

"ಮನಿಗೆ ಊಟಕ್ಕ ಬಂದಿದ್ರು. ನೋಡಿದಾಕಿ ನಾ ಒಬ್ಬಾಕೀನ. ಹೆಂತಿ ಸಾಕ್ಷಿ ಯಾರಿಗೆ ಬೇಕ್ರಿ?"

ಇಮಾಮಸಾಬನನ್ನು ಕೂಡಿಹಾಕಿದ್ದ ಚಾವಡಿಗೆ ನಾವು ಹೊರಟೆವು. ದಾರಿಯಲ್ಲಿ ನಾನು ನನಗೆ ತಿಳಿದ ಸಾಹುಕಾರರ ಮನೆಯ ಸುದ್ದಿಯನ್ನೆಲ್ಲ ಹೇಳಿದೆ. ಬಾಯಿಗೆ ಬೀಗವಿಲ್ಲದವನೆಂದು ಅಮಸಿದ್ದಪ್ಪನವರು ನನ್ನನ್ನು ಯಾವಾಗಲೂ ಜರೆಯುತ್ತಿದ್ದರು, ಆದರೆ ಕಿವಿ ಮಾತ್ರ ಇತ್ತಲೇ ಇರುತ್ತಿತ್ತು. ಗುಮಾಸ್ತ ತಿಮ್ಮಣ್ಣ ಸೋಮವಾರ ಅಂಗಡಿ ಕಾಯುತ್ತಿದ್ದ. ಮೋಟಾರು ನಿಲ್ಲಿಸುವ ಶೆಡ್ಡಿನ ಪಕ್ಕದಲ್ಲಿ ನೂಲಿಗೆ ಗಂಜಿ ಹಾಕುವ ಕಾಳವ್ವ ಮನೆಯವರ ಜೊತೆ ಮಠಕ್ಕೆ ಹೋಗಿದ್ದಳು. ಇಮಾಮಸಾಬನ ಬಳಿ ಮೋಟಾರು ನಡೆಸಲು ಕಲಿಯುತ್ತಿದ್ದ ಸಾಹುಕಾರರ ತಂಗಿಯ ಮಗ ಹುಚ್ಚಪ್ಪ ಊರಲ್ಲೇ ಇರಲಿಲ್ಲ, ಬಾದಾಮಿಗೆ ಹೋಗಿದ್ದ.

"ಪಾಪ, ರೈಲು ಡಬ್ಬಿ ಬಾಗಲದಾಗ ಹೆಬ್ಬೆರಳು ಜಜ್ಜಿಸಿಕೊಂಡು ಬಂದಾನ್ರಿ," ಎಂದೆ. "ಸೋಮವಾರ ಸಂಜಿಗೆ ಸೀದಾ ದವಾಖಾನಿಗೆ ಬಂದ. ಟಿಂಚರ್ ಹಚ್ಚೂದ ತಡ, ಉಗುರಿನ ಸುತ್ತೆಲ್ಲ ಕರಿನೀಲಿ ಆತು. ರಕ್ತ ಹೆಪ್ಪುಗಟ್ಟೇತಿ ಅಂತ ಬಿಗಿಯಾಗಿ ಪಟ್ಟಿ ಕಟ್ಟೇನಿ. ಗಂಜಿ ಮುಟ್ಟಿದರ ಕೈ ಮೈಲಿಗಿ ಆಗತೈತಿ ಅನ್ನೂ ಶೋಕಿಲಾಲ, ಅಷ್ಟಕ್ಕ ಕಣ್ಣೀರು ಹಾಕಿದ."

"ಹೂಂ," ಎಂದರು ಅಮಸಿದ್ದಪ್ಪನವರು.

ಚಾವಡಿಯಲ್ಲಿ ಇಮಾಮಸಾಬ ಕಂಬಕ್ಕೆ ಬೆನ್ನು ಹಚ್ಚಿ ಕುಳಿತಿದ್ದ. ಕೈಗಳನ್ನು ಹಗ್ಗದಿಂದ ಬಿಗಿದಿದ್ದರು. ತುಟಿ ಒಡೆದಿತ್ತು. ಹುನಗುಂದದಿಂದ ಬಂದಿದ್ದ ಪೊಲೀಸ್ ಜಮಾದಾರ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ, ಲಕ್ಷ್ಮಪ್ಪ ಸಾಹುಕಾರರು ಒಳಗೆ ಅತ್ತಿಂದಿತ್ತ ತಿರುಗುತ್ತಿದ್ದರು.

ಅಮಸಿದ್ದಪ್ಪನವರು ಕಳುವಿನ ಮಾತೇ ಎತ್ತಲಿಲ್ಲ. "ಗಾಲಿ ಹ್ಯಾಂಗ ನಡಗತೈತಿ ಹೇಳು," ಎಂದರು.

ಇಮಾಮಸಾಬ ತಲೆ ಎತ್ತಿದ. ಎರಡು ದಿನದಲ್ಲಿ ಅವನಿಗೆ ಯಾರೂ ಅದನ್ನು ಕೇಳಿರಲಿಲ್ಲ. "ನಿಧಾನ ಹೋದರ ಏನೂ ಇಲ್ಲರಿ. ತಾಸಿಗೆ ಇಪ್ಪತ್ತು ಮೈಲಿ ಮಟಾ ಬೆಣ್ಣಿಹಂಗ ಹೋಗತೈತಿ. ಮೂವತ್ತರ ಹತ್ತರ ಬಂದಕೂಡ್ಲೆ ಸ್ಟೇರಿಂಗ್ ಕೈಯಾಗ ಕುಣೀತೈತಿ. ಇಳಿಸಿದರ ನಿಂದರತೈತಿ."

"ಹವಾ ಕಮ್ಮಿ ಆಗಿರಬೇಕು."

"ಹವಾ ಕಮ್ಮಿ ಆದರ ಗಾಡಿ ಒಂದು ಕಡೆ ಜಗ್ಗತೈತ್ರಿ, ನಡಗೂದಿಲ್ಲ. ರಿಮ್ ಸೊಟ್ಟಗಾಗಿದ್ದರ ನಿಧಾನದಾಗೂ ಕುಣೀಬೇಕು. ಇದು ಜೋರಾದಾಗಷ್ಟ ಬರತೈತಿ. ಗಾಲಿ ಒಂದು ಮಗ್ಗಲಾಗ ಭಾರ ಆಗೇತಿ, ಒಂದು ಮಗ್ಗಲಾಗ ಹಗುರ. ಎಡಗಡೆ ಮುಂದಿನ ಗಾಲಿ."

"ಮದಲಿಂದ ಹಂಗ ಇತ್ತೇನು?"

"ಐತವಾರ ಶಿರೂರಿಗೆ ಹೋಗಿ ಬಂದೇನ್ರಿ. ನಾಕೂ ಗಾಲಿ ಛಲೋ ಇದ್ದುವು."

ಅಮಸಿದ್ದಪ್ಪನವರ ಕೈ ತಾನಾಗಿಯೇ ಗಾಳಿಯಲ್ಲಿ ಏನನ್ನೋ ತೂಗಿತು. ಹಾಗೆ ಅವರ ಅಂಗೈ ಮೇಲೆ ಕೆಳಗೆ ಆಡಿತೆಂದರೆ ಒಳಗೆ ತಕ್ಕಡಿ ಕಟ್ಟಿತೆಂದೇ ಅರ್ಥ. "ಜಮಾದಾರ್ರ, ಇವನ ಕೈ ಬಿಚ್ರಿ. ಹುನಗುಂದದ ದಾರಿಮ್ಯಾಲ ಒಂದು ಸುತ್ತು ಹೋಗಿಬರೂನು."

"ಓಡಿ ಹೋದರ?"

"ನನ್ನ ಮೈ ನೋಡ್ರಿ. ನಾ ಕೂತ ಗಾಡಿ ಎಲ್ಲೀಮಟ ಓಡೀತು?"

ಜಮಾದಾರ ನಕ್ಕ, ಸಾಹುಕಾರರು ನಗಲಿಲ್ಲ. ಆದರೂ ಹೊರಟೆವು. ಇಮಾಮಸಾಬನ ಪಕ್ಕದಲ್ಲಿ ಅಮಸಿದ್ದಪ್ಪನವರು, ಹಿಂದೆ ನಾನು, ಸಾಹುಕಾರರು, ಜಮಾದಾರ, ನಮ್ಮ ನಡುವೆ ಅವನ ಬಂದೂಕು. ಮೋಟಾರು ಎಂದರೆ ನನಗೆ ಮೊದಲಿಂದಲೂ ಆಗದು. ಎತ್ತಿನ ಗಾಡಿ ಕೆಟ್ಟರೆ ಎತ್ತಾದರೂ ನಿಂತು ಯೋಚಿಸುತ್ತದೆ, ಇದಕ್ಕೆ ಆ ಬುದ್ಧಿಯೂ ಇಲ್ಲ.

ಊರು ದಾಟಿದ ಮೇಲೆ ದಾರಿ ನೆಟ್ಟಗಾಯಿತು. ವೇಗದ ಮುಳ್ಳು ಇಪ್ಪತ್ತಕ್ಕೆ ಬಂತು, ಏನೂ ಆಗಲಿಲ್ಲ. ಇಪ್ಪತ್ತೈದು. "ನೋಡಿದ್ರಿಲ್ಲೋ, ಸುಳ್ಳ," ಎಂದರು ಸಾಹುಕಾರರು. ಮುಳ್ಳು ಮೂವತ್ತನ್ನು ಮುಟ್ಟಿತು.

ಸ್ಟೇರಿಂಗ್ ಜ್ವರ ಬಂದವನ ಹಾಗೆ ನಡುಗತೊಡಗಿತು. ಇಮಾಮಸಾಬನ ಮೊಣಕೈ ತನಕ ನಡುಕ ಹತ್ತಿತು, ಗಾಜು ಗಿಲಿಗಿಲಿ ಎಂದಿತು, ನನ್ನ ಹಲ್ಲೂ ಅದಕ್ಕೆ ತಾಳ ಹಾಕಿತು. ಅದೇ ಹೊತ್ತಿಗೆ ತಿರುವಿನಲ್ಲಿ ಕುರಿಹಿಂಡು ದಾರಿಗೆ ಅಡ್ಡ ಬಂತು. ಸಾಹುಕಾರರು ಕೂಗಿಕೊಂಡರು. ಬಾವು ಬಂದಿದ್ದ ಆ ಎರಡು ಕೈಗಳು ನಡುಗುವ ಚಕ್ರವನ್ನು ಅದುಮಿ ಹಿಡಿದು, ಗಾಡಿಯನ್ನು ಬದುವಿಗೆ ಇಳಿಸಿ, ಕೊನೆಯ ಕುರಿಯ ಬಾಲ ಸವರುವಂತೆ ದಾಟಿಸಿ ನಿಲ್ಲಿಸಿದವು.

"ಖರೆ ಹೇಳ್ಯಾನ," ಎಂದರು ಅಮಸಿದ್ದಪ್ಪನವರು. "ನಿಧಾನಕ್ಕ ಹೊಳ್ಳಿಸು. ಹೊಳಬಸಪ್ಪಾ, ಊರು ಮುಟ್ಟಿದ ಮ್ಯಾಲ ನಿನ್ನ ಟಿಂಚರ್ ಆಯೋಡಿನ್ ಬಾಟ್ಲಿ ತಗೊಂಡು ಸಾಹುಕಾರರ ಮನಿಗೆ ಬಾ."

ಇಮಾಮಸಾಬನ ಗಾಯಕ್ಕೆ ಇರಬೇಕೆಂದು ನಾನು ತಿಳಿದೆ.

ನಾನು ಬಾಟಲಿ ಹಿಡಿದು ಹೋದಾಗ ಸಾಹುಕಾರರ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಹುಚ್ಚಪ್ಪ ಪಟ್ಟಿ ಕಟ್ಟಿದ ಹೆಬ್ಬೆರಳನ್ನು ಕೋಟಿನ ಕಿಸೆಯಲ್ಲಿ ಇಟ್ಟುಕೊಂಡು ಕಂಬಕ್ಕೆ ಒರಗಿದ್ದ. ತಿಮ್ಮಣ್ಣ ಬೆವರುತ್ತಿದ್ದ. ಕಾಳವ್ವನ ಮೊಣಕೈ ತನಕ ಗಂಜಿ ಒಣಗಿತ್ತು. ರತ್ನವ್ವ ಒಳಬಾಗಿಲಲ್ಲಿ ನಿಂತಿದ್ದಳು. ರಂಜಾನಬಿ ಅಂಗಳದ ಅಂಚಿನಲ್ಲಿ ಗಂಡನ ಕೈಗಳನ್ನೇ ನೋಡುತ್ತಿದ್ದಳು. ಬಿಸಿಲು ಇಳಿಯುತ್ತಿತ್ತು, ಜಮಾದಾರ ಒಮ್ಮೆ ಸೂರ್ಯನನ್ನೂ ಒಮ್ಮೆ ತನ್ನ ಲಾಠಿಯನ್ನೂ ನೋಡಿದ.

ಶೆಡ್ಡಿನಲ್ಲಿ ಮೋಟಾರು ನಿಲ್ಲುತ್ತಿದ್ದ ಜಾಗವನ್ನು ಅಮಸಿದ್ದಪ್ಪನವರು ನೋಡಿ ಬಂದಿದ್ದರು. ಬಲಮಗ್ಗುಲು ಅಂಗಳಕ್ಕೆ, ಹೆಚ್ಚುವರಿ ಗಾಲಿ ತೂಗುಹಾಕಿದ್ದೂ ಅದೇ ಕಡೆ. ಎಡಮಗ್ಗುಲು ಗೋಡೆಗೆ, ನಡುವೆ ಒಬ್ಬ ಕುಕ್ಕರುಗಾಲಲ್ಲಿ ಕೂಡುವಷ್ಟು ಸಂದಿ. ಟೈರು ಎಬ್ಬಿಸುವ ಕಬ್ಬಿಣದ ಪಟ್ಟಿಗಳು ಮೂಲೆಯಲ್ಲಿ ಬಿದ್ದಿದ್ದವು. ಹತ್ತಿರವೇ ಕಾಳವ್ವನ ಗಂಜಿಹಿಟ್ಟಿನ ಗುಡಾಣ.

"ಇಮಾಮಸಾಬ, ಜ್ಯಾಕ್ ಹಚ್ಚು. ಒಂದೊಂದ ಗಾಲಿ ಎತ್ತಿ ತಿರುಗಿಸು."

ಹಿಂದಿನ ಗಾಲಿಗಳು ತಿರುಗಿ, ಮನಸ್ಸು ಬಂದಲ್ಲಿ ನಿಂತವು. ಬಲಗಡೆ ಮುಂದಿನದೂ ಹಾಗೆಯೇ. ಎಡಗಡೆ ಮುಂದಿನದು ಮಾತ್ರ ನಿಲ್ಲುವ ಮೊದಲು ಹಿಂದಕ್ಕೆ ಸರಿಯಿತು, ಮುಂದಕ್ಕೆ ಸರಿಯಿತು, ತೊಟ್ಟಿಲಿನ ಹಾಗೆ ತೂಗಿ ನಿಂತಿತು. ಕೆಳಗೆ ಬಂದ ಜಾಗಕ್ಕೆ ಅಮಸಿದ್ದಪ್ಪನವರು ಸುಣ್ಣದ ಗೆರೆ ಎಳೆದರು. ಮತ್ತೆ ತಿರುಗಿಸಿದರು. ಗೆರೆ ಮತ್ತೆ ಕೆಳಗೇ ಬಂತು. ಮೂರನೆಯ ಸಲ ಜಮಾದಾರನೇ ಎದ್ದು ಬಂದು ಕೈಯಾರೆ ತಿರುಗಿಸಿದ. ಗೆರೆ ಕೆಳಗೆ.

"ತಕ್ಕಡ್ಯಾಗ ಭಾರ ಇದ್ದ ಪರಡಿ ಕೆಳಗ ಇಳೀತೈತಿ," ಎಂದರು ಅಮಸಿದ್ದಪ್ಪನವರು. "ತಕ್ಕಡಿ ಉದ್ದಕಿರಲಿ, ದುಂಡಗಿರಲಿ. ಇನ್ನ ಬಿಚ್ಚು. ಗೆರಿ ಇದ್ದಲ್ಲೆ."

ಟೈರಿನ ಅಂಚು ಎದ್ದಿತು. ಇಮಾಮಸಾಬ ಟ್ಯೂಬಿನ ಬದಿಗೆ ಕೈ ಹಾಕಿದ. ಹಿಟ್ಟಿನಂಥ ಪುಡಿ ಮೆತ್ತಿದ ಒಂದು ಬಟ್ಟೆಯ ಸುರುಳಿ ಹೊರಗೆ ಬಂತು. ಅದರೊಳಗೆ ಡಾಬು.

ಅಂಗಳದಲ್ಲಿ ಒಂದೇ ಗದ್ದಲ. ಜಮಾದಾರ ಇಮಾಮಸಾಬನ ಕುತ್ತಿಗೆಗೆ ಕೈ ಹಾಕಿ ನೆಲಕ್ಕೆ ಕೆಡವಿದ. "ಟೈರ್ ಬಿಚ್ಚಾಕ ಬರೂದು ಇವಗ! ಇನ್ನೇನ ಸಾಕ್ಷಿ ಬೇಕು?" ಲಾಠಿ ಮೇಲೆ ಎದ್ದಿತು. ರಂಜಾನಬಿ ಓಡಿ ಬಂದು ಗಂಡನ ಬಲಗೈ ಮೇಲೆ ಅಡ್ಡ ಬಿದ್ದಳು. ನಾನು, ನಾಚಿಕೆ ಬಿಟ್ಟು ಹೇಳುತ್ತೇನೆ, ಅಮಸಿದ್ದಪ್ಪನವರೇ ಬಡವನೊಬ್ಬನ ಗೋಣು ಕೊಯ್ದರೆಂದು ತಿಳಿದೆ.

"ಲಾಠಿ ಇಳಸ್ರಿ!" ಎಂದು ಅಮಸಿದ್ದಪ್ಪನವರು ಗುಡುಗಿದರು. ಸಂತೆ ಬೆದರಿಸಿದ ಗಂಟಲು ಅದು. ಲಾಠಿ ಅರ್ಧಕ್ಕೆ ನಿಂತಿತು. "ಒಂದು ಪರಡಿ ನೋಡೀರಿ, ಇನ್ನೊಂದು ನೋಡ್ರಿ. ಮಾಲ ಒಳಗ ಇಟ್ಟವ ತಾನ ಬಂದು, ಗಾಲಿ ಕೆಟ್ಟೇತಿ, ಬಿಚ್ಚಿ ನೋಡ್ರಿ ಅಂತ ಧಣಿಗೆ ಹೇಳ್ತಾನೇನು?"

"ಬಾಗಲಕೋಟಿಗೆ ಹೋಗಾಕ ನೆವ," ಎಂದರು ಸಾಹುಕಾರರು.

"ನೆವ ಬೇಕಾಗಿದ್ದರ ಇಂಜಿನ್ ಕೆಟ್ಟೇತಿ ಅಂತಿದ್ದ. ಇಟ್ಟ ಜಾಗಕ್ಕ ಬಟ್ಟು ಮಾಡಿ ತೋರಸ್ತಿರಲಿಲ್ಲ. ಇನ್ನೊಂದು ಮಾತು. ಓಡೂ ಗಾಲ್ಯಾಗ ಒಂದು ಮಗ್ಗಲಿಗೆ ಭಾರ ಇಟ್ಟರ ಗಾಡಿ ನಡಗತೈತಿ ಅನ್ನೂದು ಇವಗ ಬಾಯಿಪಾಠ, ಚಾವಡ್ಯಾಗ ನಮಗ ಹೇಳಿಕೊಟ್ಟವ ಇವನ. ಬಲಮಗ್ಗಲಾಗ ತೂಗಹಾಕಿದ ಗಾಲಿ ಓಡೂದಿಲ್ಲ, ನಡಗೂದಿಲ್ಲ. ಇವ ಆಗಿದ್ದರ ಅದರಾಗ ಇಡತಿದ್ದ. ಕಳ್ಳಗ ಟೈರ್ ಬಿಚ್ಚಾಕ ಬರತೈತಿ, ಬಿಚ್ಚೂದನ್ನ ನೋಡಿ ಕಲ್ತಾನ. ಆದರ ಗಾಲಿ ಹ್ಯಾಂಗ ಓಡತೈತಿ ಅನ್ನೂದು ಗೊತ್ತಿಲ್ಲ. ಅಂಗಳಕ್ಕ ಕಾಣಬಾರದು, ಅಷ್ಟ ಅವನ ಯೋಚನಿ. ಅದಕ್ಕ ಗೋಡಿ ಮಗ್ಗಲದ ಗಾಲಿ."

ಅವರು ಟೈರಿನೊಳಗಿನ ಪುಡಿಯನ್ನು ಒಂದು ಎಲೆಯ ಮೇಲೆ ಉದುರಿಸಿಕೊಂಡರು. ಬಲಗಡೆಯ ಟೈರನ್ನೂ ಬಿಚ್ಚಿಸಿ, ಅದರ ಪುಡಿಯನ್ನು ಇನ್ನೊಂದು ಎಲೆಗೆ ಹಾಕಿದರು.

"ಟೈರಿಗೂ ಟ್ಯೂಬಿಗೂ ಪುಡಿ ಯಾಕ ಹಾಕ್ತೀ ಇಮಾಮಸಾಬ?"

"ಒಂದಕ್ಕೊಂದು ಅಂಟಬಾರದಂತ್ರಿ. ಚಾಕಪುಡಿ ಅದು, ಮೆತ್ತನ ಕಲ್ಲಿನ ಪುಡಿ. ಡಬ್ಬಿ ಪೆಟಗ್ಯಾಗ ಕೀಲಿ ಹಾಕಿ ಇಡ್ತೇನಿ. ಕೀಲಿ ಉಡದಾರಕ್ಕ ಇರತಿತ್ತು, ಈಗ ಜಮಾದಾರ್ರ ಹತ್ತರ ಐತಿ."

"ಹೊಳಬಸಪ್ಪಾ, ಎರಡಕ್ಕೂ ಒಂದೊಂದು ಹನಿ ಟಿಂಚರ್."

ಆಗ ನನಗೆ ಹೊಳೆಯಿತು. ಬಲಗಾಲಿಯ ಪುಡಿಯ ಮೇಲೆ ಹನಿ ಬಿದ್ದು ಕಂದಾಗಿಯೇ ಉಳಿಯಿತು. ಎಡಗಾಲಿಯ ಪುಡಿ ಹನಿ ಬಿದ್ದ ಕ್ಷಣಕ್ಕೆ ಕರಿನೀಲಿಯಾಯಿತು. ಕಾಳವ್ವನ ಗುಡಾಣದಿಂದ ಒಂದು ಚಿಟಿಕೆ ತರಿಸಿ ಹನಿ ಬಿಟ್ಟೆ. ಅದೂ ಕರಿನೀಲಿ. ಹಿಟ್ಟು ಟಿಂಚರನ್ನು ಕಂಡರೆ ಬಣ್ಣ ಬದಲಿಸುತ್ತದೆಂದು ಕಂಪೌಂಡರಿಕೆಯ ಮೊದಲ ವರ್ಷವೇ ಕಲಿಸುತ್ತಾರೆ.

ಎಲ್ಲರ ಕಣ್ಣು ಕಾಳವ್ವನ ಕೈಗೆ ಹೋಯಿತು. ಅವಳು ಗಂಜಿ ಒಣಗಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನಮ್ಮವ್ವನ ಆಣಿ, ನಾ ಮಠದಾಗಿದ್ದೆ," ಎಂದಳು.

"ಗೊತ್ತೈತವ್ವಾ, ನಿನ್ನ ಕಂಡವರು ಓಣಿತುಂಬ ಇದ್ದಾರ. ಟೈರ್ ಬಿಚ್ಚಿದಾಗ ಒಳಗಿನ ಪುಡಿ ಚೆಲ್ಲಿ ಹೋತು. ಪುಡಿ ಇಲ್ಲದಿದ್ದರ ಯಾರೋ ಬಿಚ್ಚ್ಯಾರಂತ ಇಮಾಮಸಾಬಗ ಗೊತ್ತಾಗತೈತಿ ಅಂತ ಕಳ್ಳಗ ಅಂಜಿಕಿ ಬಂತು. ಇಳಕಲ್ಲಾಗ ಹುಟ್ಟಿ ಬೆಳದವಗ ಬಿಳೀ ಪುಡಿ ಅಂದರ ಒಂದ. ಎಳಿಗೆ ಎಳಿ ಅಂಟಬಾರದಂತ ಗಂಜಿ ಹಾಕ್ತೇವಿ, ರಬ್ಬರಿಗೂ ಅದನ್ನ ಹಾಕಿರಬೇಕಂತ ಮಗ್ಗಲದ ಗುಡಾಣಕ್ಕ ಕೈ ಹಾಕಿದ. ಇಮಾಮಸಾಬ ಆಗಿದ್ದರ ಉಡದಾರದಾಗ ಕೀಲಿ ಇತ್ತು, ಡಬ್ಬಿ ತುಂಬ ಚಾಕಪುಡಿ ಇತ್ತು. ಹಿಟ್ಟು ಯಾಕ ಬೇಕು? ತಿಮ್ಮಣ್ಣಗ ಸೈಕಲ್ಲಿಗೆ ಹವಾ ಹೊಡಿಯಾಕ ಬರೂದಿಲ್ಲ. ಹಿಂಗಾಗಿ ಟೈರ್ ಬಿಚ್ಚೂದನ್ನ ದಿನಾ ನೋಡಿದವ, ಇಮಾಮಸಾಬನ ಹತ್ತರ ಗಾಡಿ ನಡಸೂದು ಕಲಿಯಾಕ ಹತ್ತಿದವ ಯಾರು? ಮಂಗಳವಾರ ಬಜಾರದಿಂದ ಗಾಡಿ ಮನಿಗೆ ತಂದವರು ಯಾರು ಸಾಹುಕಾರ್ರ?"

"ನಮ್ಮ ಹುಚ್ಚಪ್ಪ," ಎಂದರು ಸಾಹುಕಾರರು. ಧ್ವನಿ ಸಣ್ಣಗಾಗಿತ್ತು. "ಇಮಾಮಸಾಬನ್ನ ತಗೀರಿ ಮಾವ, ಇನ್ನ ನಾ ನಡಸ್ತೇನಿ ಅಂದ... ಆದರ ಅವ ಸೋಮವಾರ ಬಾದಾಮ್ಯಾಗಿದ್ದ."

"ಬಾದಾಮಿಗೆ ಹೋಗೇ ಇಲ್ಲ ಅವ. ಬಾದಾಮಿ ರೈಲಿನ ಡಬ್ಬ್ಯಾಗ ಗಂಜಿಹಿಟ್ಟು ಎಲ್ಲಿಂದ ಬಂತು? ಟೈರಿನ ಪಟ್ಟಿ ಜಾರಿದರ ಹೆಬ್ಬೆರಳು ಹಂಗ ಜಜ್ಜತೈತಿ. ಕೈ ತೊಳಕೊಂಡು ದವಾಖಾನಿಗೆ ಹೋದ, ಉಗುರಿನ ಸಂದಿ ತೊಳೀಲಿಲ್ಲ. ಅಲ್ಲಿ ನಮ್ಮ ಹೊಳಬಸಪ್ಪ ಟಿಂಚರ್ ಹಚ್ಚಿ, ಕರಿನೀಲಿ ಆದದ್ದನ್ನ ಕಂಡು, ರಕ್ತ ಅಂತ ತಿಳಿದು ಮರಮರ ಮರುಗಿ ಪಟ್ಟಿ ಕಟ್ಟಿದ. ಪಟ್ಟಿ ಬಿಚ್ಚು ಹುಚ್ಚಪ್ಪಾ."

ಹುಚ್ಚಪ್ಪ ಕೈಯನ್ನು ಕಿಸೆಯಿಂದ ತೆಗೆಯಲಿಲ್ಲ. ಹೆಬ್ಬಾಗಿಲ ಕಡೆ ನೋಡಿದ, ಅಲ್ಲಿ ಜಮಾದಾರನ ಜೊತೆ ಬಂದ ಪೊಲೀಸನೊಬ್ಬ ನಿಂತಿದ್ದ. ಆಮೇಲೆ ಒಳಬಾಗಿಲ ಕಡೆ ನೋಡಿದ.

"ಆ ಡಾಬು ನನ್ನ ಹೆಂತಿಗೆ ಅಂತ ಅಜ್ಜಿ ಸಾಯೂಮುಂದ ಹೇಳಿದ್ಲು," ಎಂದ. "ರತ್ನವ್ವ ಹುಟ್ಟಿದಾಗಿಂದ ನನಗ ಅಂತ ಹೇಳಕೋತ ಬಂದ್ರಿ. ಸೋದರಮಾವ ನೀವು! ಬಾದಾಮ್ಯಾಗ ಹೊಲ ಕಂಡಕೂಡ್ಲೆ ಮಾತು ಹೊಳ್ಳಿಸಿದ್ರಿ. ಡಾಬು ಇಲ್ಲದಿದ್ದರ ಅವರು ಲಗ್ನ ಮುರೀತಾರ ಅಂತ ಮಾಡಿದೆ. ಮಾರೂದಿತ್ತೇನು ನಾ? ಗಾಡಿ ನನ್ನ ಕೈಗೆ ಬಂದರ ದಾರ್ಯಾಗ ತಗದು ಇಡಾಂವ ಇದ್ದೆ. ಅಷ್ಟರಾಗ ಶೆಡ್ಡಿಗೆ ಪೊಲೀಸರು ಕಾವಲು ಕುಂತ್ರು."

"ನನ್ನ ಗಂಡನ ಕೈ ಮುರಿಯೂದನ್ನ ನೋಡ್ಕೋತ ನಿಂತಿದ್ದೆಲ್ಲೋ," ಎಂದಳು ರಂಜಾನಬಿ. "ಅವಾ ನಿನಗ ಗಾಡಿ ಕಲಿಸಿದವ."

ರತ್ನವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಮಾಮಸಾಬನನ್ನು ಬಿಗಿದಿದ್ದ ಹಗ್ಗ ಹುಚ್ಚಪ್ಪನ ಕೈಗೆ ಹೋಯಿತು, ಕೀಲಿಗಳು ಇಮಾಮಸಾಬನ ಕೈಗೆ ಬಂದವು. ಅವನು ಎರಡೂ ಟೈರು ಒರೆಸಿ, ಚಾಕಪುಡಿ ಹಾಕಿ, ಕೂಡಿಸಿ, ಹವಾ ತುಂಬಿದ. ಎಡಗಾಲಿಯನ್ನು ತಿರುಗಿಸಿ ನೋಡಿದ. ಅದು ತನ್ನ ಮನಸ್ಸು ಬಂದಲ್ಲಿ ನಿಂತಿತು. ಆಮೇಲೆ ಎಲ್ಲ ಕೀಲಿಗಳನ್ನೂ ಸಾಹುಕಾರರ ಮುಂದೆ ಕಟ್ಟೆಯ ಮೇಲೆ ಇಟ್ಟ.

"ಗಾಲಿ ಛಲೋ ಆಗೇತ್ರಿ. ನಾ ಬರ್ತೇನಿ."

ಸಾಹುಕಾರರು ತಡೆದರು. ಪಗಾರ ಹೆಚ್ಚಿಸುವ ಮಾತಾಡಿದರು. ಅವನು ಹೆಂಡತಿಯ ಹಿಂದೆ ನಡೆದು ಹೋದ. ಮೋಟಾರು ನಡೆಸಬಲ್ಲ ಇನ್ನೊಬ್ಬ, ಹುಚ್ಚಪ್ಪನನ್ನು ಜಮಾದಾರ ಎತ್ತಿನ ಗಾಡಿಯಲ್ಲಿ ಹುನಗುಂದಕ್ಕೆ ಒಯ್ದ. ಎತ್ತಿನ ಗಾಡಿಯ ಬಗ್ಗೆ ನಾನು ಹೇಳುತ್ತಿದ್ದುದು ಅಂತೂ ನಿಜವಾಯಿತು.

ಮೋಟಾರು ಒಂದು ವಾರ ಅಂಗಳದಲ್ಲೇ ನಿಂತಿತ್ತು, ಕೋಳಿಗಳು ಅದರ ಮೇಲೆ ಕೂತವು. ಕೊನೆಗೆ ಲಕ್ಷ್ಮಪ್ಪ ಸಾಹುಕಾರರು ತಾವೇ ನಡೆದು ಇಮಾಮಸಾಬನ ಓಣಿಗೆ ಹೋದರು. ಬಾಗಿಲು ತೆರೆದವಳು ರಂಜಾನಬಿ.

"ಬರ್ತಾರ್ರಿ," ಎಂದಳಂತೆ. "ಆದರ ಕಳ್ಳ ಅಂದದ್ದು ಓಣ್ಯಾಗಲ್ಲ, ಬಜಾರದಾಗ. ಹೊಳ್ಳಿ ತಗೊಳ್ಳೂದೂ ಅಲ್ಲೆ ಆಗ್ಲಿ."

ಸಂತೆಯ ದಿನ. ನಾನೂ ಅಮಸಿದ್ದಪ್ಪನವರೂ ಅಲ್ಲೇ ಇದ್ದೆವು, ಅವರು ಒಬ್ಬಳ ಜೊತೆ ಈರುಳ್ಳಿಗಾಗಿ ಕಾದಾಡುತ್ತಿದ್ದರು. ಸಾಹುಕಾರರು ಚಾವಡಿಯ ಮುಂದೆ ನಿಂತು ರುಮಾಲು ತೆಗೆದರು. "ಇಮಾಮಸಾಬ ಕಳ್ಳ ಅಲ್ಲ. ಅವ ಖರೆ ಹೇಳಿದ್ದ, ನಾ ಕೇಳಲಿಲ್ಲ," ಎಂದರು. ಮೂವತ್ತು ಮೈಲಿಯ ಸ್ಟೇರಿಂಗಿನ ಹಾಗೆ ಅವರ ಧ್ವನಿ ನಡುಗುತ್ತಿತ್ತು.

ಸಾಹುಕಾರರು ಹಿಡಿದಿದ್ದ ಕೀಲಿಗೆ ಇಮಾಮಸಾಬ ಕೈ ಚಾಚಿದ. ರಂಜಾನಬಿ ಆ ಕೈಯನ್ನು ಮೆಲ್ಲಗೆ ಹಿಡಿದು ಹಿಂದಕ್ಕೆ ಸರಿಸಿದಳು.

"ಇನ್ನೊಮ್ಮೆ ಅನ್ರಿ ಧಣ್ಯಾರ," ಎಂದಳು. "ಅವತ್ತ ಇದಕ್ಕಿಂತ ಜೋರು ಒದರಿದ್ರಿ."

ಸಾಹುಕಾರರು ಗಂಟಲು ಸರಿಮಾಡಿಕೊಂಡು, ಬಜಾರದ ಆ ತುದಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದರು.